ಚಿಯೆಯ ಮುಖ ಉರಿದ ದಿನ

ತೊಕುಜಿ ಅಣ್ಣಾ,

ಒತಾರು ಬಂದರಿನಲ್ಲಿ ನಿನ್ನನ್ನು ಕಂಡವರು ಈ ವಿಳಾಸ ಕೊಟ್ಟರು. ಇದನ್ನು ಹರಿದು ಹಾಕಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ನಿರ್ದೇಶಕ ಹಿಮುರೋ ಅವರ ಸಿನಿಮಾಕ್ಕೆ ಚಿತ್ರ ಬರೆಯಲು ನೀನು ಒಪ್ಪಿದಾಗ ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವಳು ನಾನು, ಅದೇ ಸ್ಟುಡಿಯೋದಲ್ಲಿ ಕಿಮೋನೋ ಹೊಲಿಯುತ್ತಿದ್ದ ನಿನ್ನ ತಂಗಿ. ಮಗಳು ಚಿಯೆ ತೀರಿಕೊಂಡ ಮೇಲೆ ಮೂರು ವರ್ಷ ನೀನು ಕುಂಚ ಮುಟ್ಟಿರಲಿಲ್ಲ. ಸಿನಿಮಾದ ಕಥೆಯೂ ಹಳೆಯ ಕಾಲದ ಒಬ್ಬ ಚಿತ್ರಕಾರನದೇ. ಸತ್ತ ಮಗಳನ್ನು ಅವನು ಕಾಗದದ ಜಾರುಬಾಗಿಲ ಮೇಲೆ ಬರೆಯುತ್ತಾನೆ. ಅವಳು ಅದರಿಂದ ಇಳಿದು ಬರುತ್ತಾಳೆ, ಬೆನ್ನಿಗೇ ಸಮುದ್ರವೂ ಕೋಣೆಯೊಳಕ್ಕೆ ಹರಿದು ಬರುತ್ತದೆ. ಅವಳು ಮತ್ತೆ ಚಿತ್ರದೊಳಗೆ ಹೋಗದಿರಲೆಂದು ಕೊನೆಗೆ ಅವನು ಅವಳ ಚಿತ್ರ ಉಳಿದಿದ್ದ ಆ ಬಾಗಿಲಿಗೇ ಬೆಂಕಿ ಹಚ್ಚುತ್ತಾನೆ.

ಸಿನಿಮಾದ ಬಾಗಿಲಿಗೆ ಯಾವುದೋ ಹುಡುಗಿಯ ಮುಖ ಸಾಕಿತ್ತು. ನೀನು ಚಿಯೆಯನ್ನು ಬರೆದೆ, ಬಲಹುಬ್ಬಿನ ಗಾಯದ ಗುರುತನ್ನೂ ಬಿಡದೆ. "ಫುಸಾ, ನೋಡೇ, ನನ್ನೇ ನೋಡ್ತಿದಾಳೆ" ಅಂದೆ. ಆಮೇಲೆ ಹಿಮುರೋ ಅವರ ಮುಂದೆ ನೆಲಕ್ಕೆ ಹಣೆ ಹಚ್ಚಿ, "ಇದೊಂದನ್ನ ಸುಡಬೇಡಿ, ಇನ್ನೊಂದು ಬರ್ಕೊಡ್ತೀನಿ" ಎಂದು ಬೇಡಿದೆ. "ಆಯ್ತಪ್ಪ, ಬರಿ" ಅಂದರು ಅವರು. ನೀನು ನಂಬಿದೆ.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಕರೆದರು. "ನಿಮ್ಮಣ್ಣನ್ನ ಮಧ್ಯಾಹ್ನದವರೆಗೂ ಹೊರಗೆ ಕರ್ಕೊಂಡ್ಹೋಗಮ್ಮ. ನಕಲು ಅಂದ್ರೆ ಕ್ಯಾಮೆರಾಗೆ ಗೊತ್ತಾಗ್ಬಿಡತ್ತೆ."

ನನಗೆ ಅರ್ಥವಾಯಿತು ಅಣ್ಣಾ. ಅರ್ಥವಾಗಿಯೂ ಕೆಲಸ ಹೋದೀತೆಂದು ಹೆದರಿ ನಿನ್ನನ್ನು ಊಟಕ್ಕೆ ಕರೆದೊಯ್ದೆ. ನೀನು ಎರಡು ಬಟ್ಟಲು ಉದೋನ್ ಶ್ಯಾವಿಗೆ ತಿಂದೆ. "ಎಷ್ಟು ದಿನದ ಮೇಲೆ ಹಸಿವಾಯ್ತು ಕಣೇ" ಎಂದು ನಕ್ಕೆ. ಆ ನಗು ನನ್ನನ್ನು ಇಂದಿಗೂ ಕೊಲ್ಲುತ್ತಿದೆ.

ಹಿಂದಿರುಗಿದಾಗ ಬರೀ ಚೌಕಟ್ಟು ಹೊಗೆಯಾಡುತ್ತಿತ್ತು. ನೀನು ಕೂಗಾಡಲಿಲ್ಲ. ನನ್ನ ಮುಖ ನೋಡಿದೆ, ಎಲ್ಲ ನಿನಗೆ ತಿಳಿದುಹೋಯಿತು. "ನೀನೂನಾ?" ಎಂದು ಹೊರಟವನು ಮತ್ತೆ ಬರಲಿಲ್ಲ.

ನಿನ್ನೆ ನಾನು ಆ ಸಿನಿಮಾ ನೋಡಿದೆ. ಬೆಂಕಿ ಚಿಯೆಯ ಕೆನ್ನೆ ಮುಟ್ಟಿದಾಗ ಪಕ್ಕದಲ್ಲಿದ್ದ ಮುದುಕಿ, "ಅಯ್ಯೋ, ಮಗು ನಿಜವಾಗ್ಲೂ ಉರೀತಿದೆಯಲ್ಲೇ!" ಎಂದು ನನ್ನ ಕೈ ಹಿಡಿದಳು. "ಹೌದಜ್ಜಿ, ನಾನೇ ಹಚ್ಚಿದ್ದು" ಅಂದೆ. ಅವಳು ಮೆಲ್ಲಗೆ ಕೈ ಬಿಟ್ಟಳು.

ಕೆಲಸ ಬಿಟ್ಟಿದ್ದೇನೆ. ಶನಿವಾರದ ರೈಲಿಗೆ ಅಲ್ಲಿಗೆ ಹೊರಟಿದ್ದೇನೆ. ನೀನು ಒಳಗೆ ಕರೆಯದಿದ್ದರೆ ಹಿಮದಲ್ಲೇ ಕೂತಿರುತ್ತೇನೆ. ಕ್ಷಮಿಸಬೇಡ. ಬೈಯಿ, ಹೊಡಿ. ಸುಮ್ಮನಿರಬೇಡ ಅಣ್ಣಾ, ಅದನ್ನು ಮಾತ್ರ ನನ್ನಿಂದ ತಾಳಲಾಗುತ್ತಿಲ್ಲ.

ನಾನು ಬರುವವರೆಗೆ ದೇವರು ನಿನ್ನನ್ನು ಬದುಕಿಸಿಟ್ಟಿರಲಿ.

ನಿನ್ನ ತಂಗಿ ಎನ್ನಲು ಬಾಯಿ ಬಾರದ,
ಫುಸಾ