ಚೀಲಕ್ಕೆ ಅಂಟಿಸಿದ ಚೀಟಿ

ಮನೆ, ಔಷಧದ ಫ್ರಿಜ್ಜಿನ ಪಕ್ಕ
ತಾ. ೧೪, ಬುಧವಾರ ಮಧ್ಯಾಹ್ನ

ಮಹಾಮಹಿಮಳಾದ ಅಕ್ಕನ ಸನ್ನಿಧಾನಕ್ಕೆ, ತರಲೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ಕ್ಷೇಮವೇ? ಹಾಸ್ಟೆಲಿನ ಹಾಸಿಗೆ ಇನ್ನೂ ಬೆನ್ನಿಗೆ ಚುಚ್ಚುತ್ತಿದೆಯೇ? ತರಗತಿಯಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆಯನ್ನು ನಿನಗೆ ಕಲಿಸಿದ ಗುರು ನಾನೆಂಬುದು ನೆನಪಿರಲಿ. ಅಮ್ಮ ಚೆನ್ನಾಗಿದ್ದಾಳೆ, ಎರಡು ಕಿಲೋ ಏರಿದ್ದಾಳೆ. ಆಪರೇಷನ್ನಿನಲ್ಲಿ ಕರುಳು ಹೋದ ಮೇಲೆ ಅವಳ ಊಟವೆಲ್ಲ ಎದೆಯ ನಳಿಕೆಯಿಂದ ನೇರ ರಕ್ತಕ್ಕೇ ಇಳಿಯುವುದಲ್ಲವೇ, ಅದಕ್ಕೇ ನನ್ನ ಅಡುಗೆಗೆ ಹೆಸರಿಡುವ ಭಾಗ್ಯವೂ ತನಗಿಲ್ಲವೆಂದು ಕೊರಗುತ್ತಾಳೆ. ಅವಳದ್ದು ಪುಣ್ಯ ಅನ್ನು.

ಇನ್ನು ಸಮಾಚಾರ. ಸೋಮವಾರ ಸಂಜೆ ಅಮ್ಮನ ಊಟದ ಚೀಲವನ್ನು ನಳಿಕೆಗೆ ಜೋಡಿಸುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ನರ್ಸಮ್ಮ ಬಂದು, ನೀನೇ ಮಾಡು, ನೋಡ್ತೀನಿ ಎಂದರು. ಬೆರಳ ಸಂದಿ, ಉಗುರಿನ ಬುಡ ಬಿಡದೆ ಕೈ ತೊಳೆದೆ. ಟ್ರೇ ಒರೆಸಿದೆ, ಮಾಸ್ಕ್ ಕಟ್ಟಿದೆ, ನಳಿಕೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ತಾನಾಗಿಯೇ ಒಣಗುವವರೆಗೆ ಕಾದೆ. ಅಮ್ಮ ನಗಿಸಲು ನೋಡಿದಳು. ನಾನು ಹೈಕೋರ್ಟ್ ಜಡ್ಜಿನಂತೆ ನಿಂತಿದ್ದೆ. ಎಲ್ಲ ಮುಗಿಸಿ ಮೆಟ್ಟಿಲ ತನಕ ಕಳಿಸಲು ಹೋದಾಗ ನರ್ಸಮ್ಮ ಒಂದು ಕಾಗದ ಕೈಗಿಟ್ಟರು. ‘ನಿನಗೂ ಗೊತ್ತಿರ್ಲಿ, ಓದ್ಕೋ.’ ಅಕ್ಷರ ನಿನ್ನದು. ‘ನನ್ನ ತಮ್ಮನಿಗೆ ಎಲ್ಲವೂ ಆಟ. ಅಮ್ಮನನ್ನು ಅವನ ಕೈಗೆ ಬಿಡಬೇಡಿ, ವಾರ್ಡಿಗೇ ಸೇರಿಸಿಕೊಳ್ಳಿ.’ ಆಸ್ಪತ್ರೆಗೆ ಇದನ್ನು ಬರೆದದ್ದು ನೀನು ಹೊರಡುವ ಹಿಂದಿನ ದಿನ. ಮಾರನೆಯ ದಿನ ಬಸ್ಸಿನ ಬಾಗಿಲಲ್ಲಿ ನಿಂತು ನನ್ನ ಕಿವಿ ಹಿಂಡಿ ನೀನು ಹೇಳಿದ್ದೇನು? ‘ನಿನ್ನ ನಂಬಿ ಹೋಗ್ತಿದೀನಿ ಕಣೋ.’

ಅದೇ ಕಾಗದದಲ್ಲಿ ಚೀಟಿಯ ವಿಷಯವನ್ನೂ ಬರೆದಿದ್ದೀಯ. ಹೌದು, ‘ರಾಜಮಾತೆಯ ರಾತ್ರಿಭೋಜನ, ಮುಟ್ಟಿದವರಿಗೆ ಮೀಸೆ ಬರುತ್ತದೆ’ ಎಂದು ಬರೆದು ಚೀಲಕ್ಕೆ ಅಂಟಿಸಿದವನು ನಾನೇ. ಅದು ಅವಧಿ ಮುಗಿಯುವ ತಾರೀಖಿನ ಮೇಲೇ ಕೂತಿತ್ತೆಂದು ನನಗೆ ಗೊತ್ತಾದದ್ದು ನಿನ್ನ ಕಾಗದದಿಂದ. ತಪ್ಪು ನನ್ನದೇ. ಆದರೆ ಅಕ್ಕಾ, ನೀನು ಅದನ್ನು ಸದ್ದಿಲ್ಲದೆ ಕಿತ್ತು ಜೇಬಿಗಿಟ್ಟುಕೊಂಡೆಯಲ್ಲ! ಆಗಲೇ ಕಪಾಳಕ್ಕೆ ಒಂದು ಬಿಟ್ಟಿದ್ದರೆ ಸಾಕಿತ್ತು. ಇಡೀ ವಾರ ನನ್ನ ಜೊತೆ ನಗುತ್ತ ಉಂಡು, ಬೆನ್ನ ಹಿಂದೆ ಸಾಕ್ಷಿ ಸಮೇತ ದೂರು ಬರೆದೆ. ಹೋದ ಸಲ ವಾರ್ಡಿನಲ್ಲಿ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ ಅಮ್ಮನನ್ನು ನೀನೂ ನೋಡಿದ್ದೆ.

ನರ್ಸಮ್ಮ ನನ್ನನ್ನು ಪಾಸು ಮಾಡಿದ್ದಾರೆ. ಒಂದು ತಿಂಗಳು ವಾರವಾರ ಬಂದು ನೋಡುತ್ತಾರಂತೆ. ಒಂದು ತಪ್ಪು ಕಂಡರೂ ಅಮ್ಮ ವಾರ್ಡಿಗೆ. ಸಂಜೆಯ ಚೀಲವನ್ನು ಫ್ರಿಜ್ಜಿನಿಂದ ಹೊರಗಿಡುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಮೈ ಕಡೆ ಗಮನವಿರಲಿ.

ಇಂತಿ,
ನೀನು ನಂಬಿ ಬಿಟ್ಟುಹೋದ ತಮ್ಮ

ತಾ.ಕ.: ನಿನ್ನ ಕಾಗದದ ವಿಷಯ ಅಮ್ಮನಿಗೆ ಗೊತ್ತಿಲ್ಲ. ಈ ಪರೀಕ್ಷೆ ಎಲ್ಲರ ಮನೆಯಲ್ಲೂ ಮಾಮೂಲು ಎಂದಿದ್ದೇನೆ. ಭಾನುವಾರ ಫೋನ್ ಮಾಡಿದಾಗ ನೀನೂ ಹಾಗೇ ಹೇಳು. ತಡವರಿಸಬೇಡ, ನಿನ್ನ ದನಿಯಲ್ಲೇ ಅವಳಿಗೆ ಗೊತ್ತಾಗಿಬಿಡುತ್ತದೆ.