ತಿರುವಿನ ಹುಲ್ಲಿನ ಮೇಲೆ ಮಲಗಿದವರು

ಜನವರಿ 6, ಮಂಗಳವಾರ

ಬರೆಯಬೇಕಂತೆ. ರೇಸ್ ಕೋರ್ಸಿನ ಮ್ಯಾನೇಜರಮ್ಮನ ಅಪ್ಪಣೆ. ಮೊನ್ನೆ ಕಮಿಟಿ ಮೆಂಬರೊಬ್ಬರ ಹೆಂಡತಿ ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನಾನು ನೋಡಿಕೊಳ್ಳುವ ಟ್ರ್ಯಾಕಿನ ಹುಲ್ಲು ತುಳಿದರು. "ಇದೇನು ನಿಮ್ಮ ಮನೆ ಕಾರ್ಪೆಟ್ಟಾ?" ಎಂದೆ. ಅಷ್ಟಕ್ಕೇ ಈ ಶಿಕ್ಷೆ. "ಮೇಸ್ತ್ರಿ, ಸಿಟ್ಟು ಬಂದಾಗ ಬಾಯಿ ತೆಗೀಬೇಡಿ. ಮನೆಗೆ ಹೋಗಿ ಬರೀರಿ. ಯಾರೂ ಓದಲ್ಲ, ನಾನೂ ಕೇಳಲ್ಲ." ಐದನೇ ಕ್ಲಾಸಿಗೆ ಬಿಟ್ಟ ಸ್ಕೂಲು ಈ ವಯಸ್ಸಿನಲ್ಲಿ ಮತ್ತೆ ಬೆನ್ನು ಹತ್ತಿದೆ. ಯಾರೂ ಓದದಿದ್ದರೆ ಯಾಕೆ ಬರೆಯಬೇಕು? ಬೆರಳು ನೋಯುತ್ತದೆ. ಇವತ್ತಿಗೆ ಇಷ್ಟೇ.

ಜನವರಿ 7, ಬುಧವಾರ. ರೇಸಿನ ದಿನ

ಕುದುರೆಗಳು ಓಡಿದವು. ನೋಡುವುದಕ್ಕೆ ಗ್ಯಾಲರಿಯಲ್ಲಿ ಪಾರಿವಾಳಗಳೇ ಹೆಚ್ಚು. ಪ್ರತಿ ರೇಸ್ ಮುಗಿದ ಮೇಲೆ ಆಳುಗಳ ಜೊತೆ ಟ್ರ್ಯಾಕಿಗೆ ಇಳಿದೆ. ಗೊರಸಿಗೆ ಕಿತ್ತು ಬಂದ ಹುಲ್ಲಿನ ಹೆಂಟೆಗಳನ್ನು ಮಗುಚಿ, ಕಾಲಲ್ಲಿ ತುಳಿದು ಕೂರಿಸಿದ್ದಾಯಿತು. ಮೊದಲೆಲ್ಲ ಆ ಹೊತ್ತಿಗೆ ಮೇಲಿನಿಂದ ಜನ ಕೂಗುತ್ತಿದ್ದರು: "ಮೇಸ್ತ್ರೀ, ಮುಂದಿನ್ದು ಯಾವ್ದು?" ಈಗ ಕೆಮ್ಮಿದರೆ ನನ್ನ ಕೆಮ್ಮೇ ತಿರುಗಿ ಬರುತ್ತದೆ.

ಮನೆಗೆ ಬಂದರೆ ಅಳಿಯ ಸೋಫಾದ ಮೇಲೆ ಉದ್ದುದ್ದಕ್ಕೆ ಮಲಗಿದ್ದಾನೆ. ಕೈಯಲ್ಲಿ ಫೋನು. ಫೋನಿನಲ್ಲಿ ನಮ್ಮದೇ ಟ್ರ್ಯಾಕು, ನಮ್ಮದೇ ಕುದುರೆಗಳು. ಬಾಜಿ ಕಟ್ಟುವುದೂ ಅಲ್ಲೇ, ಬೆರಳ ತುದಿಯಲ್ಲಿ.

"ಮಾವ, ನಾಲ್ಕನೇ ರೇಸಿಗೆ ನೆಲ ಹಸಿ ಇತ್ತಾ? ಮೊದ್ಲೇ ಹೇಳ್ಬಾರ್ದಾ?"

"ಬಂದು ಮುಟ್ಟಿ ನೋಡ್ಬೇಕಿತ್ತು."

"ಅಲ್ಲಿಗೆ ಬಂದು ಯಾರು ಬಿಸಿಲಲ್ಲಿ ಸಾಯ್ತಾರೆ? ಎಲ್ಲಾ ಇಲ್ಲೇ ಕಾಣ್ಸುತ್ತಲ್ಲ."

ಬಾಯಿ ತೆಗೆದೆ. ಮಗಳು ಅಡುಗೆಮನೆಯಿಂದಲೇ, "ಅಪ್ಪಾ, ಹೋಗಿ ಬರೀ" ಎಂದಳು. ಅದಕ್ಕೇ ಇಲ್ಲಿ ಕೂತಿದ್ದೇನೆ. ರೇಸ್ ಕೋರ್ಸು ಲೋಟದ ಟೀ ಆರುವಷ್ಟರಲ್ಲಿ ನಡೆದು ಹೋಗಬಹುದಾದ ಜಾಗ. ಈ ಮನೆಗೆ ಅಳಿಯನಾಗಿ ಬಂದ ಮೇಲೆ ಒಂದು ದಿನವಾದರೂ ಬಂದಿದ್ದಾನಾ...

ಜನವರಿ 13, ಮಂಗಳವಾರ

ಕಮಿಟಿಯವರು ಮ್ಯಾನೇಜರಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದಾರೆ. ಈ ಸೀಸನ್ನಿನಲ್ಲಿ ಜನ ಬಾರದಿದ್ದರೆ ಮುಂದಿನ ಸೀಸನ್ನಿಗೆ ಗೇಟಿಗೆ ಬೀಗ. ಕುದುರೆ, ಜಾಕಿ, ಕ್ಯಾಮೆರಾ ಇದ್ದರೆ ಸಾಕು. ಮನುಷ್ಯರು ಮನೆಯಲ್ಲೇ ಇರಲಿ.

ಆಯಮ್ಮ ಮಾಡದ ಸರ್ಕಸ್ಸಿಲ್ಲ. ಬ್ಯಾಂಡು ತರಿಸಿದಳು. ಟೋಪಿ ಸ್ಪರ್ಧೆ ಇಟ್ಟಳು. ಟೋಪಿ ಹಾಕಿದವರು ಮೂವರು, ಮೂವರಿಗೂ ಬಹುಮಾನ.

ಇವತ್ತು ಬೆಳಗ್ಗೆ ಮಂಜು. ಕುದುರೆಗಳ ಕಸರತ್ತಿನ ಹೊತ್ತು. ನಾನು ಎಂದಿನಂತೆ ದೊಡ್ಡ ತಿರುವಿನ ಒಳಗಡೆ, ಬೇಲಿಯಿಂದ ಆಚೆಗೆ, ಹುಲ್ಲಿಗೆ ಕೆನ್ನೆ ಕೊಟ್ಟು ಮಲಗಿದ್ದೆ. ಆಯಮ್ಮ ಓಡಿ ಬಂದಳು. ಸತ್ತೇ ಹೋದೆ ಅಂದುಕೊಂಡಳಂತೆ.

"ಏನ್ ಮಾಡ್ತಿದೀರಾ?"

"ಕೇಳಿಸ್ಕೋತಿದೀನಿ. ಸುಮ್ನೆ ಮಲಗಿ, ಇಲ್ಲಾ ಆಚೆ ಹೋಗಿ."

ಮಲಗಿದಳು. ಕಣ್ಣು ಮುಚ್ಚಲು ಹೇಳಿದೆ. ಕಿವಿಗೆ ಮೊದಲು ಏನೂ ಕೇಳಿಸುವುದಿಲ್ಲ. ನೆಲಕ್ಕೇ ಮೊದಲು ಗೊತ್ತಾಗುವುದು. ಎಲ್ಲೋ ಬೇರೆ ಮನೆಯಲ್ಲಿ ಯಾರೋ ಮಂಚ ಎಳೆದ ಹಾಗೆ. ಆಮೇಲೆ ನಮ್ಮದೇ ಎದೆ ಬಡಿದ ಹಾಗೆ, ಆದರೆ ಒಂದಲ್ಲ, ಹತ್ತಾರು ಎದೆ. ಹೊಟ್ಟೆಯೊಳಗೆ ಹೊಕ್ಕು ಬೆನ್ನಿನಿಂದ ಹೊರಟು ಹೋಗುತ್ತದೆ. ಕೊನೆಗೆ ಉಳಿಯುವುದು ಹುಲ್ಲು ತಲೆ ಎತ್ತಿಕೊಳ್ಳುವ ಸದ್ದು. ಅದಕ್ಕೆ ಸದ್ದಿಲ್ಲ ಅಂತಾರೆ. ಇದೆ.

ಕೆನ್ನೆಯ ಮೇಲೆ ಹುಲ್ಲಿನ ಗೆರೆ ಮೂಡಿಸಿಕೊಂಡು ಎದ್ದು ಕೂತಳು.

"ಇದು ಫೋನಲ್ಲಿ ಬರಲ್ಲ ಅಲ್ವಾ, ಮೇಸ್ತ್ರಿ?"

"ಫೋನಿಗೆ ಹೊಟ್ಟೆ ಇದ್ಯಾ?"

ಜನವರಿ 21, ಬುಧವಾರ

ನನ್ನ ಹುಲ್ಲಿನ ಮೇಲೆ ಊರ ಜನ! ಆಯಮ್ಮ ಗೇಟಿನಲ್ಲಿ ಬೋರ್ಡು ಹಾಕಿಸಿದ್ದಾಳೆ: 'ಕಣ್ಣು ಮುಚ್ಚಿ ರೇಸು ನೋಡಿ.' ಬಂದವರು ಒಂದು ಬೆಂಚಿಗೆ ಸಾಲುವಷ್ಟು. ರೂಲು ನನ್ನದು. ಚಪ್ಪಲಿ ಬೇಲಿಯ ಬಳಿ ಬಿಡಬೇಕು. ಮಲಗಬೇಕು, ಅಲುಗಬಾರದು. ನನ್ನ ಸೀಟಿ ಕೇಳುವ ತನಕ ಏಳಬಾರದು. ಮಿಸುಕದೆ ಮಲಗಿದವರನ್ನು ಕಂಡರೆ ಕುದುರೆಗಳಿಗೆ ಮಣ್ಣಿನ ದಿಣ್ಣೆ ಕಂಡ ಹಾಗೆ. ಅವು ತಿರುಗಿಯೂ ನೋಡಲಿಲ್ಲ.

ಬಸ್ ಓಡಿಸಿ ನಿವೃತ್ತನಾದವನೊಬ್ಬ ಎದ್ದು ಹೇಳಿದ, "ನಿದ್ದೆ ಬಂದಂಗಾಯ್ತು ಅಣ್ಣಾ, ಎದೆ ಮಾತ್ರ ಎಚ್ಚರ ಇತ್ತು." ಪರವಾಗಿಲ್ಲ, ಗೊತ್ತಾಗಿದೆ ಅವನಿಗೆ.

ಫೆಬ್ರವರಿ 4, ಬುಧವಾರ

ಹೋದ ವಾರ ಬರೆಯಲು ಪುರುಸೊತ್ತಾಗಲಿಲ್ಲ. ಗೇಟಿನಲ್ಲಿ ಸಾಲು! ಒಬ್ಬಳು ದಿಂಬು ತಂದಿದ್ದಳು. ವಾಪಸ್ ಕಳಿಸಿದೆ, ದಿಂಬನ್ನು. ಇಳಿಬಿಸಿಲಿನಲ್ಲಿ ತಿರುವಿನ ತುಂಬ ಜನ ಮಲಗಿದ್ದರು. ಎಲ್ಲರಿಗೂ ಒಂದೇ ಕನಸು ಬಿದ್ದ ಹಾಗೆ ಒಟ್ಟಿಗೇ ಉಸಿರು ಬಿಗಿ ಹಿಡಿಯುತ್ತಾರೆ, ಒಟ್ಟಿಗೇ ಬಿಡುತ್ತಾರೆ. ರೇಸ್ ಮುಗಿದ ಮೇಲೆ ಕೆಲವರು ನಮ್ಮ ಜೊತೆ ಬರಿಗಾಲಲ್ಲಿ ಹೆಂಟೆ ತುಳಿದರು. ತಪ್ಪು ತಪ್ಪಾಗಿ. ಬೈಯಲಿಲ್ಲ. ಯಾಕೋ.

ಫೆಬ್ರವರಿ 11, ಬುಧವಾರ. ಸಂಜೆ

ಹಾಳಾಯಿತು.

ಕೊನೆಯ ರೇಸು. ನಾನೂ ಅವರ ನಡುವೆ ಮಲಗಿದ್ದೆ, ಕಣ್ಣು ಮುಚ್ಚಿ. ಕುದುರೆಗಳ ಗುಂಪು ಬಂತು, ಮೈಯೊಳಗೆ ಹಾದು ಹೋಯಿತು. ನೆಲ ತಣ್ಣಗಾಯಿತು. ಸೀಟಿ ಊದಿದೆ. ಎಲ್ಲರೂ ಒಟ್ಟಿಗೇ ಎದ್ದರು.

ಒಂದು ಕುದುರೆ ಹಿಂದೆ ಉಳಿದಿತ್ತು. ಕಂದು ಹೆಣ್ಣು ಕುದುರೆ, ಹೆಚ್ಚು ಜನ ಬಾಜಿ ಕಟ್ಟದ ಸೋಮಾರಿ. ತನ್ನ ಪಾಡಿಗೆ ಬರುತ್ತಿತ್ತು. ನೆಲದಿಂದ ಒಮ್ಮೆಲೇ ಅಷ್ಟು ಜನ ಮೊಳೆತದ್ದು ಕಂಡು ಅದರ ಜೀವ ಬಾಯಿಗೆ ಬಂತು. ಜಾಕಿಯನ್ನು ಕೆಡವಿ, ಬೇಲಿ ಹಾರಿ, ಜನರ ನಡುವೆ ಬಂದು ನಿಂತಿತು. ನಡುಗುತ್ತಿತ್ತು. ಯಾರೂ ಓಡಲಿಲ್ಲ, ಯಾರೂ ಕಿರುಚಲಿಲ್ಲ. ಒಬ್ಬಾಕೆ ಕುತ್ತಿಗೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತಿಗೆ ಅದು ತಲೆ ಬಗ್ಗಿಸಿ ನನ್ನ ಹುಲ್ಲು ಮೇಯತೊಡಗಿತು.

ಜಾಕಿಗೆ ಮೊಣಕೈ ತರಚಿದೆ. ಕುಂಟಿಕೊಂಡು ಬಂದು, "ಮೇಸ್ತ್ರಿ, ನಿಮ್ ಕಿವಿಗೆ ಕನ್ನಡಕ ಹಾಕ್ಸಿ" ಎಂದ. ಅನ್ನಿಸಿಕೊಂಡೆ. ಅನ್ನಿಸಿಕೊಳ್ಳಲೇಬೇಕಾದದ್ದು.

ಫೆಬ್ರವರಿ 12, ಗುರುವಾರ

ಅಳಿಯ ಫೋನಿನಲ್ಲಿ ನಿನ್ನೆಯ ಆ ವಿಡಿಯೋವನ್ನೇ ತಿರುಗಿಸಿ ತಿರುಗಿಸಿ ನೋಡಿದ. "ಮಾವ, ನೋಡಿ, ಇದ್ರಲ್ಲಿ ನೀವೇ! ಬಾಯಲ್ಲಿ ಸೀಟಿ!" ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಂತಿತು. "ಆ ಕುದುರೆ ಯಾಕೆ ಓಡಿ ಹೋಗ್ಲಿಲ್ಲ?" ಎಂದು ಕೇಳಿದ. ಫೋನು ನೋಡಿಕೊಂಡೇ ಕೇಳಿದ.

ಜನ ಎದ್ದು ಕುದುರೆ ಬೆದರಿತೆಂದು ಮನೆಯಲ್ಲಿ ಕೂತು ಬಾಜಿ ಕಟ್ಟುವವರಿಂದ ದೂರಿನ ಸುರಿಮಳೆ. ಕಮಿಟಿಯ ಹುಕುಂ: ಮಲಗುವುದು ಬಂದ್. ಮುಂದಿನ ಸೀಸನ್ನಿನ ತನಕ ಯಾಕೆ, ಬರುವ ಬುಧವಾರದಿಂದಲೇ ಗೇಟಿಗೆ ಬೀಗ. ಮ್ಯಾನೇಜರಮ್ಮ ನನ್ನ ಹೆಸರು ಹೇಳದೆ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಳಂತೆ. ಯಾರು ಕೇಳಿದ್ದರು ಅವಳನ್ನು!

ಫೆಬ್ರವರಿ 18, ಬುಧವಾರ

ಗೇಟು ಮುಚ್ಚಿ ರೇಸು. ಗ್ಯಾಲರಿ ಖಾಲಿ. ಪಾರಿವಾಳಗಳು ಮತ್ತೆ ಬಂದಿವೆ. ಎರಡನೇ ರೇಸಿಗೆ ಮುಂಚೆ ಹಿಂಬದಿ ಗೇಟಿನ ಕಾವಲುಗಾರ ಗೋಡೆಯಾಚೆ ಯಾರನ್ನೋ ಗದರುವುದು ಕೇಳಿಸಿತು. ಚಿಕ್ಕ ಬಾಗಿಲಿನಿಂದ ಹೊರಗೆ ಹೋದೆ.

ಟ್ರ್ಯಾಕಿನ ತಿರುವು ರಸ್ತೆಗೆ ಹತ್ತಿರ ಬರುವ ಕಡೆ ಗೋಡೆಯುದ್ದಕ್ಕೂ ಪಟ್ಟಿಯಷ್ಟು ಹುಲ್ಲಿದೆ. ಅಲ್ಲಿ ಮಲಗಿದ್ದರು. ಬಸ್ಸಿನವನು, ದಿಂಬಿನವಳು, ಇನ್ನೂ ಎಷ್ಟೋ ಜನ. ಚಪ್ಪಲಿಗಳು ಗೋಡೆಗೆ ಒರಗಿ ಸಾಲಾಗಿ. ಬಸ್ಸುಗಳು ಹೋಗುತ್ತಿದ್ದವು, ದೂಳು ಏಳುತ್ತಿತ್ತು. ಒಬ್ಬರೂ ಕಣ್ಣು ತೆರೆಯಲಿಲ್ಲ.

ಕೊನೆಯಲ್ಲಿ ಆಫೀಸಿನ ಬಟ್ಟೆಯಲ್ಲಿ ಒಬ್ಬ. ಶೂ ಬಿಚ್ಚಿಟ್ಟು, ಅದರೊಳಗೆ ಫೋನು ತುರುಕಿದ್ದಾನೆ. ನನ್ನ ಅಳಿಯ.

"ಏನಯ್ಯಾ ಇದು..." ಎಂದೆ.

"ಶ್ಶ್, ಮಾವ. ಬರ್ತಾ ಇದೆ."

ಅವನ ಪಕ್ಕದಲ್ಲಿ ನಿಂತೆ. ಕಣ್ಣು ತೆರೆದುಕೊಂಡೇ. ಅವರ ಬೆನ್ನುಗಳೆಲ್ಲ ಒಟ್ಟಿಗೆ ಬಿಗಿದವು. ಗೋಡೆಯಾಚೆ ಕುದುರೆಗಳ ಗುಂಪು ಹೋಯಿತು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಳಿಯ ಕೇಳಿದ, "ಹಿಂದೆ ಉಳ್ದಿದ್ದೂ ಹೋಯ್ತಾ?"

ಫೆಬ್ರವರಿ 19, ಗುರುವಾರ. ಬೆಳಗ್ಗೆ

ಹತ್ತಕ್ಕೆ ಕಮಿಟಿಯ ಮುಂದೆ ನಿಲ್ಲುತ್ತೇನೆ. ಯಾರೂ ಕರೆದಿಲ್ಲ. ಬಾಯಿ ತಪ್ಪಬಾರದೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಸೀಟಿ ಊದಿದ್ದು ನಾನು, ಆಯಮ್ಮನಲ್ಲ. ಇನ್ನು ನಾನು ಮಲಗುವುದಿಲ್ಲ. ನಿಂತಿರುತ್ತೇನೆ, ಕಣ್ಣು ತೆರೆದು, ಕೊನೆಯ ಕುದುರೆ ಕಣ್ಮರೆಯಾಗುವ ತನಕ. ಜಾಕಿಯೂ ಒಪ್ಪಿದ್ದಾನೆ, ಕೇಳಿದ್ದೇನೆ. ಜನ ಬರಬೇಕು ಅಂದವರು ನೀವು. ಬಂದಿದ್ದಾರೆ, ರಸ್ತೆಯಲ್ಲಿ ಬಿದ್ದುಕೊಂಡಿದ್ದಾರೆ. ಗೇಟು ತೆಗೆಯುತ್ತೀರೋ ಇಲ್ಲವೋ? 'ನೋಡೋಣ' ಬೇಡ. 24ನೇ ತಾರೀಕು ಮಂಗಳವಾರದೊಳಗೆ ಹೇಳಿ.