ಮೂರು ಕೇಜಿ ಮರಿಕೋಸು

ಮಧುಗಿರಿ
18 ಜನವರಿ 2025

ಮಗಳು ಲೋಹಿತಾಳಿಗೆ ನಿನ್ನಪ್ಪನ ಆಶೀರ್ವಾದ. ಹೊಟ್ಟೆಯೊಳಗಿರುವವರಿಗೂ ಅಷ್ಟೇ ಪಾಲು.

ಫೋನಿನಲ್ಲಿ ಹೇಳಹೋದರೆ ನಕ್ಕು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಊಟಿಯಲ್ಲಿ ತಿಂದ ಬ್ರಸೆಲ್ಸ್ ಸ್ಪ್ರೌಟ್ಸ್ ಮೇಲೆ ಬಯಕೆ ಅಂದೆಯಲ್ಲ, ಅಲ್ಲಿಂದ ಕ್ಯಾರೆಟ್ ತರುವ ಲಾರಿಯ ನಟರಾಜುಗೆ ಹೇಳಿ ಮೂರು ಕೇಜಿ ತರಿಸಿದೆ. ನೋಡಿದರೆ ನಿಂಬೆಹಣ್ಣಿನ ಗಾತ್ರದ ಎಲೆಕೋಸು! "ಇದ್ಯಾಕೆ ಅಯ್ನೋರೇ, ಬೆಳೀದೆ ಇಂಗೇ ನಿಂತೋಗೈತೆ?" ಅಂತ ಪಕ್ಕದ ಮನೆಯ ಚಿಕ್ಕಹನುಮಕ್ಕ ಕೇಳಿದಳು. ಚಳಿ ಮುಗಿದರೆ ಇದು ಸಿಗುವುದಿಲ್ಲವಂತೆ. ನೀನು ಬರುವುದು ಶಿವರಾತ್ರಿ ಕಳೆದ ಮೇಲೆ. ಅದೂ ಬರುವುದಾದರೆ. ಹಾಗಾಗಿ ಫ್ರೀಜರಿನಲ್ಲಿ ಕಾಪಾಡೋಣ ಅಂತ ಹೊರಟೆ.

"ತಾಯಿಲ್ಲದ ಮನೆಯಲ್ಲಿ ಬಾಣಂತನ ಯಾರು ಮಾಡುತ್ತಾರೆ" ಅಂತ ನಿಮ್ಮತ್ತೆ ಕೇಳಿದ್ದು ತಪ್ಪಲ್ಲ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನನ್ನ ಹಟ. ಕೋಸು ಕಾಪಾಡಲಾರದವನ ಕೈಗೆ ಬಾಣಂತಿಯನ್ನು ಯಾರು ಕೊಡುತ್ತಾರೆ, ನೀನೇ ಹೇಳು.

ಮೊಬೈಲಿನಲ್ಲಿ ವಿಧಾನ ಸಿಕ್ಕಿತು, ಇಂಗ್ಲಿಷಿನಲ್ಲಿ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವನು ನಾನು, ಹೆದರಲಿಲ್ಲ. ಮೊದಲು 'ಬ್ಲಾಂಚ್' ಮಾಡಿ ಅಂದಿತ್ತು. 'ಹಿ ಬ್ಲಾಂಚ್ಡ್ ವಿತ್ ಫಿಯರ್' ಅಂತ ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಅಂದರೆ ಭಯದಿಂದ ಬಿಳಿಚಿಕೊಳ್ಳುವುದು. ಒಂದು ಕೇಜಿ ಕುದಿನೀರಿಗೆ ಹಾಕಿ, ಬಿಳಿಚಿಕೊಳ್ಳಲಿ ಅಂತ ಕಾದೆ. ಅವು ಇನ್ನಷ್ಟು ಹಸಿರಾದವು. ಬಿಳಿಚಿಕೊಂಡವನು ನಾನೇ. ಮುಂದಿನ ಸಾಲು: 'ಇಮೀಡಿಯಟ್ಲಿ ಐಸ್ ಬಾತ್.' ಇದು ಸರಿ ಅನ್ನಿಸಿತು. ನಿಮ್ಮಮ್ಮ ತಲೆಗೆ ನೀರು ಹಾಕಿಕೊಳ್ಳದೆ ಉಪ್ಪಿನಕಾಯಿ ಜಾಡಿ ಮುಟ್ಟುತ್ತಿದ್ದಳೇ? ತಿಂಗಳುಗಟ್ಟಲೆ ಇಡುವ ಪದಾರ್ಥಕ್ಕೆ ಮಡಿ ಬೇಡವೇ? ಇಂಗ್ಲಿಷಿನವರಿಗೂ ಮಡಿ ಉಂಟಲ್ಲ ಅಂತ ಸಂತೋಷಪಟ್ಟು, ಇದ್ದ ಐಸನ್ನೆಲ್ಲ ಬಕೆಟ್ಟಿಗೆ ಸುರಿದು, ಮೂರು ಚೊಂಬು ಹುಯ್ದುಕೊಂಡೆ. ಶಿವನೇ!

ನನ್ನ ಕೂಗು ಕೇಳಿ ಚಿಕ್ಕಹನುಮಕ್ಕ ಓಡಿಬಂದಳು. ಅಷ್ಟರಲ್ಲಿ ಒಲೆಯ ಮೇಲಿನ ಕೋಸು ಗಂಜಿಯಾಗಿತ್ತು. ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಆರು ವರ್ಷ ದುಡಿದವಳು ಅವಳು. "ಅಯ್ಯೋ, ತಣ್ಣೀರ್ ಸ್ನಾನ ಕೋಸಿಗೆ ಕಣ್ಸಾಮಿ, ನಿಮಗಲ್ಲ! ನೀವೂ ಅದ್ರ ಜೊತೆ ಫ್ರಿಜ್ಜೊಳಕ್ಕೆ ಓಗ್ಬುಡ್ತಿದ್ರೇನೋ!" ಅಂತ ಬಿದ್ದುಬಿದ್ದು ನಕ್ಕಳು.

ಸೋಡಾ ಅಂಗಡಿಯಿಂದ ಐಸ್ ತಂದು ಉಳಿದೆರಡು ಕೇಜಿಗೆ ಅವಳೇ ಮುಂದೆ ನಿಂತಳು. ತೊಟ್ಟು ಕೊಯ್ದು, ನಾಲ್ಕು ನಿಮಿಷ ಕುದಿನೀರು, ನಾಲ್ಕು ನಿಮಿಷ ಐಸ್ ನೀರು. ಪಂಚೆಯ ಮೇಲೆ ಹರಡಿ ಪಸೆ ಆರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ. ಈಗ ಅಲ್ಲಾಡಿಸಿದರೆ ಗೋಲಿಯಂತೆ ಸದ್ದು ಮಾಡುತ್ತವೆ. ನನಗೆ ನೆಗಡಿ ಬಂದಿದೆ, ಚಿಂತೆ ಬೇಡ.

ಒಂದೇ ತೊಡಕು. ಬಾಣಂತಿಗೆ ಕೋಸು ಮುಟ್ಟಿಸಕೂಡದಂತೆ, ವಾಯು. ಆದ್ದರಿಂದ "ಮಗು ಪಾವಗಡದ ಅತ್ತೆಮನೆಯಲ್ಲೇ ಹುಟ್ಟಲಿ, ಆಮೇಲೆ ಬರುತ್ತೇನೆ" ಅನ್ನಬೇಡ, ಎರಡು ಕೇಜಿಯನ್ನೂ ನಾನೊಬ್ಬನೇ ತಿನ್ನಬೇಕಾಗುತ್ತದೆ. ಅಳಿಯಂದಿರಿಗೆ ವಳ್ಳೂರಿನ ಸೋಲಾರ್ ಕೆಲಸದಲ್ಲಿ ಒಂದು ದಿನ ರಜೆ ಸಿಕ್ಕರೆ ಸಾಕು, ಕರೆತಂದು ಬಿಡಲಿ.

ದಾರಿ ನೋಡುತ್ತಾ, ಸೀನುತ್ತಾ,
ನಿನ್ನಪ್ಪ
ನಂದೀಶ್ವರಯ್ಯ

ತಾ.ಕ.: ಹೇಳಬಾರದು ಅಂದುಕೊಂಡಿದ್ದೆ. ಮಗುವಿಗೆ ನೀರೆರೆಯುವುದನ್ನು ಚಿಕ್ಕಹನುಮಕ್ಕ ದಿನಾ ಬೆಳಗ್ಗೆ ನನಗೆ ಕಲಿಸುತ್ತಿದ್ದಾಳೆ. ಕಾಲು ನೀಡಿ ಕೂತು, ಎಣ್ಣೆ ಸವರಿದ ಸೋರೆಕಾಯಿಯನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಮೊದಲೆರಡು ಜಾರಿ ಒಡೆದು ಸಾರಾದವು. ಮೂರನೆಯದಕ್ಕೆ ಇವತ್ತಿಗೆ ಎಂಟು ದಿನ, ಮೈಮೇಲೆ ಒಂದು ಗೀರೂ ಇಲ್ಲ. ನಿಮ್ಮತ್ತೆಗೆ ಈ ಮೂರನೆಯದರ ವಿಷಯ ಮಾತ್ರ ತಿಳಿಸು.